ಹಳೆ 6ಬಿಟಿ ಲಾರಿಗೆ ಬೇರೆ ಟರ್ಬೊ: ಬಿಚ್ಚಿದ್ದು, ಕೂರಿಸಿದ್ದು, ಓಡಿಸಿದ್ದು

ಎಂಜಿನ್ ಕಮಿನ್ಸ್ 6ಬಿಟಿ. 5.9 ಲೀಟರ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಬೋರ್ 102 ಎಂಎಂ, ಸ್ಟ್ರೋಕ್ 120 ಎಂಎಂ. ಡೀಸೆಲ್ ಪಂಪ್ ಬಾಷ್ ವಿಇ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಎಲ್ಲವೂ ಸ್ಕ್ರೂ, ಸ್ಪ್ರಿಂಗ್, ಡಯಾಫ್ರಮ್ (ಒತ್ತಿದರೆ ಬಾಗುವ ಪೊರೆ). ಟರ್ಬೊ ಅಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ: ಎಂಜಿನ್ನಿನಿಂದ ಹೊರಹೋಗುವ ಬಿಸಿಗಾಳಿ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಕಂಪ್ರೆಸರ್ ಚಕ್ರ ಎಂಜಿನ್ನಿಗೆ ಗಾಳಿ ಅದುಮಿ ಕೊಡುತ್ತದೆ. ಇದರ ಮೇಲೆ ಕೂತಿದ್ದ ಟರ್ಬೊ ಹೋಲ್ಸೆಟ್ ಎಚ್1ಸಿ. ವೇಸ್ಟ್‌ಗೇಟ್ (ಹೆಚ್ಚಾದ ಬಿಸಿಗಾಳಿಯನ್ನು ಪಕ್ಕಕ್ಕೆ ಬಿಡುವ ಗೇಟ್) ಇಲ್ಲದ್ದು, ಟರ್ಬೈನ್ ಹೌಸಿಂಗ್ (ಹೊರಕವಚ) 18 ಚದರ ಸೆಂಟಿಮೀಟರಿನದು. ಅದನ್ನು ಇಳಿಸಿ ಅದೇ ಕಂಪನಿಯ ಎಚ್‌ಎಕ್ಸ್35 ಏರಿಸಿದ್ದೇನೆ.

ಮೇಲಿಂದ ನೋಡಿದರೆ ಕೆಲಸ ಚಿಕ್ಕದು. ನಾಲ್ಕು ನಟ್ಟು, ಎರಡು ಆಯಿಲ್ ಪೈಪು, ಒಂದಷ್ಟು ಹೋಸು. ಆದರೆ ಹಳೆ ಟರ್ಬೊ ಯಾಕೆ ಹಾಳಾಯಿತು ಅಂತ ತಿಳಿಯದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋಗಿದ್ದು ಹುಡುಕಾಟಕ್ಕೆ. ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹಳೆ ಕಾಲದ ಮೆಕ್ಯಾನಿಕಲ್ ಎಂಜಿನ್. ಇಜಿಆರ್ (ಎಗ್ಸಾಸ್ಟಿನ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಏರ್ಪಾಡು), ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್), ಎಲೆಕ್ಟ್ರಾನಿಕ್ ಆಕ್ಚುಯೇಟರ್ ಇರುವ ಈಗಿನ ಗಾಡಿಗಳಿಗೆ ಇಲ್ಲಿನ ವಿಧಾನ ಹೊಂದುವುದಿಲ್ಲ. ಅವುಗಳಲ್ಲಿ ಟರ್ಬೊ ಬದಲಿಸಿದ ಮೇಲೆ ಕ್ಯಾಲಿಬ್ರೇಷನ್ ಕೆಲಸ ಬೇರೆಯೇ ಇರುತ್ತದೆ. ಹೊಗೆಯ ನಿಯಮವನ್ನೂ ಮೊದಲು ನೋಡಿಕೊಂಡೇ ಕೈಹಾಕಬೇಕು.

ಗಾಡಿ ಹೇಳುತ್ತಿದ್ದದ್ದು

ಲೋಡ್ ಹಾಕಿ ಏರು ಹತ್ತುವಾಗ ದಟ್ಟ ಕಪ್ಪು ಹೊಗೆ. ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದರೆ ನೀಲಿ ಹೊಗೆ. ಆಯಿಲ್ ಮಟ್ಟ ಮೆಲ್ಲಗೆ ಇಳಿಯುತ್ತಿತ್ತು, ಆದರೆ ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಟರ್ಬೊದ ಶಿಳ್ಳೆ ಮೊದಲು ಸಣ್ಣಗಿತ್ತು, ಈಗ ಅದರ ಜೊತೆ ಗರಗರ ಅನ್ನುವ ಇನ್ನೊಂದು ಸದ್ದು ಸೇರಿತ್ತು.

ಕಪ್ಪು ಹೊಗೆ ಅಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಎರಡೂ ಒಟ್ಟಿಗೆ ಬಂದಾಗ ಕಣ್ಣು ಮೊದಲು ಟರ್ಬೊ ಕಡೆಗೇ ಹೋಗುವುದು ಸಹಜ. ಆದರೂ ಪಿಸ್ಟನ್ ರಿಂಗ್ ಸವೆದಿದ್ದರೂ, ವಾಲ್ವ್ ಗೈಡ್ ಸಡಿಲವಾಗಿದ್ದರೂ ನೀಲಿ ಹೊಗೆ ಬರುತ್ತದೆ ಅಲ್ವಾ? ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ.

ಮೊದಲು ಗೇಜ್, ಆಮೇಲೆ ಟರ್ಬೊ

ಎರಡು ಮೀಟರ್ ಕೂರಿಸಿದೆ. ಒಂದು ಬೂಸ್ಟ್ (ಟರ್ಬೊ ಅದುಮಿ ಕೊಡುವ ಗಾಳಿಯ ಒತ್ತಡ) ತೋರಿಸುವ ಗೇಜ್, ಇನ್ನೊಂದು ಸೈಲೆನ್ಸರಿಗೆ ಹೋಗುವ ಬಿಸಿಗಾಳಿಯ ತಾಪ ತೋರಿಸುವ ಪೈರೋಮೀಟರ್. ಪೈರೋಮೀಟರಿನ ತಾಪ ಹಿಡಿಯುವ ಕಡ್ಡಿ, ಅಂದರೆ ಕೆ-ಟೈಪ್ ಥರ್ಮೋಕಪಲ್, ಕೂರುವುದು ಎಗ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳ ಬಿಸಿಗಾಳಿಯನ್ನು ಒಟ್ಟುಗೂಡಿಸುವ ಪೈಪು), ಟರ್ಬೈನಿಗಿಂತ ಮುಂಚೆ. ಟರ್ಬೈನ್ ದಾಟಿದ ಮೇಲೆ ಕೂರಿಸುವವರೂ ಇದ್ದಾರೆ. ಅಲ್ಲಿ ಕೆಲಸ ಸುಲಭ, ಆದರೆ ಓದಿಕೆಯಿಂದ ಉಪಯೋಗ ಕಡಿಮೆ. ಲೋಡ್‌ನಲ್ಲಿ ಟರ್ಬೈನ್ ದಾಟುವಾಗ ತಾಪ ನೂರು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಪಿಸ್ಟನ್ ತಲೆ ಕಾಣುವ ಬಿಸಿ ಎಷ್ಟು ಅನ್ನುವುದೇ ನಮಗೆ ಬೇಕಿರುವುದು, ಅದರ ಸುಳಿವು ಸಿಗುವುದು ಮ್ಯಾನಿಫೋಲ್ಡಿನಲ್ಲಿ.

ಮ್ಯಾನಿಫೋಲ್ಡಿಗೆ ತೂತು ಕೊರೆಯುವಾಗ ಎಲ್ಲರಿಗೂ ಒಂದೇ ಭಯ, ಪುಡಿ ಟರ್ಬೈನಿಗೆ ಬಿದ್ದರೆ? ಸಾಮಾನ್ಯವಾಗಿ ಟರ್ಬೊ ಬಿಚ್ಚಿಟ್ಟು ಕೊರೆಯಬೇಕು. ಇಲ್ಲಿ ಹಳೆ ಟರ್ಬೊ ಹೇಗೂ ಹೊರಹೋಗುವ ಗಿರಾಕಿ. ಹಾಗಾಗಿ ಡ್ರಿಲ್ ಬಿಟ್ಟಿಗೆ, ಟ್ಯಾಪಿಗೆ ಗ್ರೀಸ್ ಬಳಿದು, ಆಗಾಗ ಹೊರತೆಗೆದು ಒರೆಸುತ್ತಾ, ಕೊನೆಯಲ್ಲಿ ಆಯಸ್ಕಾಂತದ ಕಡ್ಡಿ ಆಡಿಸಿ ಮುಗಿಸಿದೆ. ಬೀಡು ಕಬ್ಬಿಣ ಉದ್ದ ಸುರುಳಿಯಾಗಿ ಬರುವುದಿಲ್ಲ, ಪುಡಿಯಾಗಿ ಬರುತ್ತದೆ. ಗ್ರೀಸ್ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಲೋಡ್ ಹಾಕಿ ಉದ್ದನೆಯ ಏರಿನಲ್ಲಿ ಓಡಿಸಿ ನೋಡಿದೆ. 1400 ಆರ್‌ಪಿಎಂನಲ್ಲಿ ಬೂಸ್ಟ್ 0.4 ಬಾರ್ ದಾಟಲಿಲ್ಲ. ತಾಪ 720 ಡಿಗ್ರಿ ಸೆಲ್ಸಿಯಸ್ ತಲುಪಿತು. ಕಾಲು ಎತ್ತದೆ ಹೋಗಿದ್ದರೆ ಇನ್ನೂ ಏರುತ್ತಿತ್ತು. ಈ ಎಂಜಿನ್ನಿನಲ್ಲಿ ಬಿಡದೆ ಎಳೆಯುವಾಗ 670-680 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಬಳಕೆಯಲ್ಲಿರುವ ರೂಢಿ. ಅಲ್ಯೂಮಿನಿಯಂ ಪಿಸ್ಟನ್ ಅದಕ್ಕಿಂತ ಜಾಸ್ತಿ ಬಿಸಿಯನ್ನು ಕ್ಷಣಮಾತ್ರ ತಡೆದೀತು, ಮೈಲಿಗಟ್ಟಲೆ ತಡೆಯಲಾರದು.

ಆಯಿಲ್ ಪ್ರೆಶರ್ ಕೂಡ ನೋಡಿದೆ. ಬಿಸಿಯಾದ ಎಂಜಿನ್ನಿಗೆ ಐಡಲ್‌ನಲ್ಲಿ ಕನಿಷ್ಠ 0.7 ಬಾರ್, ಪೂರ್ತಿ ವೇಗದಲ್ಲಿ ಕನಿಷ್ಠ 2 ಬಾರ್ ಇರಬೇಕು. ಎರಡೂ ಅದಕ್ಕಿಂತ ಮೇಲೇ ಇತ್ತು. ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪಿನ ಬಾಯಿಯಲ್ಲಿ ತೆಳುವಾದ ಹಬೆ ಮಾತ್ರ, ಗುಪ್ ಗುಪ್ ಅಂತ ಉಗಿಯುತ್ತಿರಲಿಲ್ಲ. ಅಂದರೆ ರಿಂಗುಗಳು ಇನ್ನೂ ಸರಿಯಾಗಿವೆ. ಎಂಜಿನ್ ಬಿಚ್ಚುವ ಪ್ರಸಂಗ ತಪ್ಪಿತು.

ಬಿಚ್ಚುವುದು

ಟರ್ಬೊ ಹಿಡಿದ ನಟ್ಟುಗಳು ವರ್ಷಗಟ್ಟಲೆ ಕೆಂಪು ಬಿಸಿಯಲ್ಲಿ ಬೆಂದು ಸ್ಟಡ್ಡಿಗೇ ಅಂಟಿಕೊಂಡಿರುತ್ತವೆ. ಬಲ ಹಾಕಿದರೆ ನಟ್ಟು ಬರುವ ಬದಲು ಸ್ಟಡ್ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿದ್ದೆ. ಬೆಳಿಗ್ಗೆ ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಬಿಗಿ ಮಾಡುವ ಕಡೆಗೆ ಒಂಚೂರು ತಿರುಗಿಸಿ, ಮತ್ತೆ ಸಡಿಲಿಸುವ ಕಡೆಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಮೂರು ಬಂದವು. ನಾಲ್ಕನೆಯದು ಮುರಿಯಿತು. ಉಳಿದ ತುಂಡಿನ ಮೇಲೆ ಹೊಸ ನಟ್ಟು ಇಟ್ಟು, ಒಳಗಿಂದ ವೆಲ್ಡ್ ತುಂಬಿ, ಕೆಂಪಗಿರುವಾಗಲೇ ತಿರುಗಿಸಿದರೆ ತುಂಡು ಬೆಣ್ಣೆಯಂತೆ ಬಂತು. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ನಾಲ್ಕೂ ಸ್ಟಡ್ ಹೊಸದು ಹಾಕಿದೆ, ಬಂದ ಮೂರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಟರ್ಬೊ ಇಳಿಸುವಾಗ ಕೆಳಗೆ ಇನ್ನೊಬ್ಬರು ಇರಲಿ. ತೂಕ ದೊಡ್ಡದೇನಲ್ಲ, ಆದರೆ ಹಿಡಿಯಲು ಸರಿಯಾದ ಜಾಗ ಇಲ್ಲ. ಕಳಚಿದ ಕೂಡಲೇ ಇನ್‌ಟೇಕ್ ಪೈಪು, ಆಯಿಲ್ ತೂತು, ಮ್ಯಾನಿಫೋಲ್ಡಿನ ಬಾಯಿ ಎಲ್ಲಕ್ಕೂ ಬಟ್ಟೆ ತುರುಕದೆ ಟೇಪ್ ಅಂಟಿಸಿ. ಬಟ್ಟೆ ಒಳಗೆ ಮರೆತುಹೋಗುತ್ತದೆ, ಟೇಪ್ ಕಣ್ಣಿಗೆ ಕಾಣುತ್ತದೆ.

ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ನೋಡಿದೆ, ಬಾಗಿರಲಿಲ್ಲ. ಎರಡು ಬಾಯಿಗಳ ನಡುವಿನ ಗೋಡೆಯಲ್ಲಿ ಕೂದಲಿನಂಥ ಬಿರುಕು ಇತ್ತು. ಹೊರಗೋಡೆಗೆ ಮುಟ್ಟಿರದ ಕಾರಣ ಹಾಗೇ ಬಿಟ್ಟೆ. ಒಂದೇ ತುಂಡಿನ ಈ ಮ್ಯಾನಿಫೋಲ್ಡುಗಳು ಬಿಸಿ-ತಂಪಿನ ಆಟದಲ್ಲಿ ನಿಧಾನಕ್ಕೆ ಉದ್ದದಲ್ಲಿ ಕುಗ್ಗುತ್ತವೆ. ತುದಿಯ ಬೋಲ್ಟುಗಳು ಕತ್ತರಿಸಿಹೋಗುವುದು ಅದಕ್ಕೇ. ನನ್ನದರಲ್ಲಿ ಆರೂ ಪೋರ್ಟಿನ ಬೋಲ್ಟ್ ಸಲೀಸಾಗಿ ಬಂದವು. ಗ್ಯಾಸ್ಕೆಟ್ ಬದಲಿಸಿ 43 ನ್ಯೂಟನ್ ಮೀಟರಿಗೆ, ನಡುವಿನಿಂದ ತುದಿಯ ಕಡೆಗೆ, ಮತ್ತೆ ಬಿಗಿ ಮಾಡಿದೆ.

ಹಳೆ ಟರ್ಬೊ ಸತ್ತಿದ್ದು ಹೇಗೆ

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ ಇದು.

ಕಂಪ್ರೆಸರ್ ಚಕ್ರದ ಅಂಚು ಒಂದು ಕಡೆ ಹೌಸಿಂಗಿಗೆ ಉಜ್ಜಿ ಹೊಳೆಯುತ್ತಿತ್ತು. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಆಡಿಸಿದರೆ ಚಕ್ರ ಗೋಡೆ ಮುಟ್ಟುತ್ತದೆ. ಅಕ್ಕಪಕ್ಕದ ಆಟ ಒಂದಿಷ್ಟು ಇರಲೇಬೇಕು, ಯಾಕೆಂದರೆ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು. ಒಣಗಿದಾಗ ಆ ಪದರ ಇರುವುದಿಲ್ಲ, ಸಡಿಲ ಅನ್ನಿಸುತ್ತದೆ. ಇದನ್ನೇ ನೋಡಿ ಒಳ್ಳೆ ಟರ್ಬೊವನ್ನು ಗುಜರಿಗೆ ಹಾಕಿದವರಿದ್ದಾರೆ. ಚಕ್ರ ಗೋಡೆ ಮುಟ್ಟುವಷ್ಟು ಆಟ ಮಾತ್ರ ಇರಬಾರದು. ಹಿಂದೆ-ಮುಂದಿನ ಆಟದ ಲೆಕ್ಕ ಬೇರೆ. ಅದು ಎಂಎಂನ ಹತ್ತನೇ ಒಂದು ಭಾಗದ ಆಸುಪಾಸು, ಬೆರಳಿಗೆ ತಿಳಿಯುವುದೇ ಕಷ್ಟ. ನನ್ನದರಲ್ಲಿ ಟಕ್ ಟಕ್ ಅಂತ ಕೇಳಿಸುತ್ತಿತ್ತು. ಹಿಂದೆ-ಮುಂದಿನ ಆಟ ತಡೆಯುವ ಥ್ರಸ್ಟ್ ಬೇರಿಂಗ್ ಹೋಗಿದೆ.

ಬೇರಿಂಗ್ ಹೋಗಿದೆ ಅನ್ನುವುದು ಉತ್ತರವಲ್ಲ, ಇನ್ನೊಂದು ಪ್ರಶ್ನೆ. ಒಂದು ಲಕ್ಷ ಆರ್‌ಪಿಎಂಗೂ ಮೇಲೆ ತಿರುಗುವ ಶಾಫ್ಟಿಗೆ ಆಯಿಲ್ ಬರುವುದೂ ಹೋಗುವುದೂ ಎರಡೂ ಸಲೀಸಾಗಿರಬೇಕು. ಬರುವ ಪೈಪಿನೊಳಗೆ ತಂತಿ ತೂರಿಸಿ ನೋಡಿದೆ. ಟರ್ಬೊ ಕಡೆಯ ತುದಿಯಲ್ಲಿ ಸುಟ್ಟ ಆಯಿಲ್ ಕರಿಕಲ್ಲಾಗಿ ಕೂತು ತೂತು ಅರ್ಧ ಮುಚ್ಚಿತ್ತು. ಬಿಸಿ ಎಂಜಿನ್ನನ್ನು ಎಳೆದು ಬಂದ ಕೂಡಲೇ ಆಫ್ ಮಾಡಿದರೆ ಹೀಗಾಗುತ್ತದೆ. ಆಯಿಲ್ ಹರಿಯುವುದು ನಿಲ್ಲುತ್ತದೆ, ಟರ್ಬೈನಿನ ಬಿಸಿ ಶಾಫ್ಟಿನ ಮೂಲಕ ಒಳಗೆ ನುಗ್ಗುತ್ತದೆ, ನಿಂತ ಆಯಿಲ್ ಅಲ್ಲೇ ಬೇಯುತ್ತದೆ.

ಇನ್ನು ಹೋಗುವ ಪೈಪು, ಅಂದರೆ ಡ್ರೈನ್. ಅಸಲಿ ಅಪರಾಧಿ ಅಲ್ಲೇ ಇದ್ದ. ಟರ್ಬೊ ಕೆಳಗಿನ ಲೋಹದ ಪೈಪನ್ನು ಬ್ಲಾಕಿಗೆ ಸೇರಿಸುವ ಸಣ್ಣ ರಬ್ಬರ್ ತುಂಡನ್ನು ಹಿಂದೆ ಯಾರೋ ಬದಲಿಸಿದ್ದರು, ರೇಡಿಯೇಟರ್ ಹೋಸಿನ ತುಂಡಿನಿಂದ. ನೀರಿನ ಹೋಸಿಗೆ ಬಿಸಿ ಆಯಿಲ್ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಗಟ್ಟಿಯಾಗಿದೆ. ಸೀಳಿ ನೋಡಿದರೆ ಒಳಪದರ ಉಬ್ಬಿ, ಮೆತ್ತಗಾಗಿ, ನಡುವೆ ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಟರ್ಬೊದಲ್ಲಿ ನಾವಂದುಕೊಂಡಂಥ ಆಯಿಲ್ ಸೀಲ್ ಇಲ್ಲ. ಶಾಫ್ಟಿನ ಎರಡೂ ಕಡೆ ಇರುವುದು ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರ. ಅದರ ಮುಖ್ಯ ಕೆಲಸ ಗಾಳಿ ಮತ್ತು ಎಗ್ಸಾಸ್ಟ್ ಒಳಗೆ ಬರದಂತೆ ತಡೆಯುವುದು. ಆಯಿಲ್ ಹೊರಗೆ ಹೋಗದಿರುವುದು ಒತ್ತಡದ ವ್ಯತ್ಯಾಸದಿಂದ, ಮತ್ತು ಆಯಿಲ್ ತನ್ನಷ್ಟಕ್ಕೆ ಕೆಳಗೆ ಇಳಿದುಹೋಗುವುದರಿಂದ. ಬೇರಿಂಗ್ ದಾಟಿ ಬರುವ ಆಯಿಲ್ ನೊರೆಯಾಗಿರುತ್ತದೆ, ಅದರ ಹಿಂದೆ ಪಂಪಿನ ಒತ್ತಡ ಇರುವುದಿಲ್ಲ. ಸುಮ್ನೆ ಭಾರದಿಂದ ಇಳಿಯಬೇಕು. ಡ್ರೈನ್ ಕಟ್ಟಿದರೆ ನಡುವಿನ ಕೋಣೆ ತುಂಬಿ, ಉಂಗುರ ದಾಟಿ, ಒಂದು ಕಡೆ ಇನ್‌ಟೇಕಿಗೆ, ಇನ್ನೊಂದು ಕಡೆ ಸೈಲೆನ್ಸರಿಗೆ. ಐಡಲ್‌ನಲ್ಲಿ ಕಂಪ್ರೆಸರ್ ಕಡೆ ಬೂಸ್ಟ್ ಇರುವುದಿಲ್ಲವಾದ್ದರಿಂದ ಆಯಿಲ್ ಆಗಲೇ ಜಾಸ್ತಿ ದಾಟುತ್ತದೆ. ಐಡಲ್ ಆದಮೇಲೆ ನೀಲಿ ಹೊಗೆ ಬರುತ್ತಿದ್ದ ಗುಟ್ಟು ಇದೇ.

"ಟರ್ಬೊ ಸೀಲ್ ಹೋಗಿದೆ" ಅನ್ನುವ ಮಾತು ಕೇಳಿದಾಗೆಲ್ಲ ಮೊದಲು ಡ್ರೈನ್ ಮತ್ತು ಬ್ರೀದರ್ ನೋಡಿ. ಬ್ರೀದರ್ ಕಟ್ಟಿದರೂ ಫಲ ಅದೇ. ಎಂಜಿನ್ ಒಳಗೆ ಒತ್ತಡ ಏರುತ್ತದೆ, ಡ್ರೈನಿನ ಆಯಿಲ್ ಅದರ ಎದುರು ಇಳಿಯಲಾರದು.

ಎಚ್‌ಎಕ್ಸ್35 ಯಾಕೆ

ಹಳೆಯದನ್ನೇ ಕಿಟ್ ಹಾಕಿ ಸರಿಮಾಡಬಹುದಿತ್ತು. ಆದರೆ ಹೌಸಿಂಗ್ ಉಜ್ಜಿಹೋಗಿತ್ತು. ಜೊತೆಗೆ 18 ಚದರ ಸೆಂಟಿಮೀಟರಿನ ಹೌಸಿಂಗ್ ಮೊದಲಿನಿಂದಲೂ ಈ ಲಾರಿಗೆ ಸೋಮಾರಿ. ಆ ಅಂಕಿ ಅಂದರೆ ಬಿಸಿಗಾಳಿ ಟರ್ಬೈನ್ ಚಕ್ರಕ್ಕೆ ನುಗ್ಗುವ ಗಂಟಲಿನ ವಿಸ್ತೀರ್ಣ. ಗಂಟಲು ಅಗಲವಾದಷ್ಟೂ ಗಾಳಿಯ ವೇಗ ಕಡಿಮೆ, ಕಡಿಮೆ ಆರ್‌ಪಿಎಂನಲ್ಲಿ ಚಕ್ರ ತಡವಾಗಿ ಏಳುತ್ತದೆ. ಕಿರಿದಾದರೆ ಬೇಗ ಏಳುತ್ತದೆ, ಆದರೆ ಮೇಲಿನ ಆರ್‌ಪಿಎಂನಲ್ಲಿ ಎಗ್ಸಾಸ್ಟಿಗೆ ದಾರಿ ಸಾಲದೆ ಹಿಂದೊತ್ತಡ. ಎಚ್‌ಎಕ್ಸ್35ರಲ್ಲಿ 12 ಚದರ ಸೆಂಟಿಮೀಟರಿನ ಹೌಸಿಂಗ್ ಜೊತೆ ವೇಸ್ಟ್‌ಗೇಟ್ ಬರುತ್ತದೆ. ಕೆಳಗೆ ಕಿರಿದಾದ ಗಂಟಲಿನ ಲಾಭ, ಮೇಲೆ ಹೆಚ್ಚಾದದ್ದನ್ನು ಗೇಟ್ ಪಕ್ಕದ ದಾರಿಯಲ್ಲಿ ಬಿಟ್ಟುಬಿಡುತ್ತದೆ. ಭಾರ ಎಳೆಯುವ ಗಾಡಿಗೆ ಬೇಕಿರುವುದು ಅದೇ.

ಎಚ್‌ಎಕ್ಸ್40 ಹಾಕು, ಇನ್ನೂ ದೊಡ್ಡದು ಹಾಕು ಅಂತ ಸಲಹೆ ಕೊಟ್ಟವರು ಕಡಿಮೆ ಇಲ್ಲ. ಲೆಕ್ಕ ಹಾಕಿ ನೋಡೋಣ. 2500 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕಿನ ಈ ಎಂಜಿನ್ ನಿಮಿಷಕ್ಕೆ ಸುಮಾರು 7.3 ಘನ ಮೀಟರ್ ಜಾಗ ತೆರೆಯುತ್ತದೆ. ತುಂಬುವುದು ಅದರ ಶೇಕಡಾ 90 ಅಂದುಕೊಳ್ಳಿ. ಬೂಸ್ಟ್ 1.4 ಬಾರ್, ಇಂಟರ್‌ಕೂಲರ್ (ಅದುಮಿದ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ) ದಾಟಿದ ಗಾಳಿ 60 ಡಿಗ್ರಿ ಇದ್ದರೆ ನಿಮಿಷಕ್ಕೆ 16ರಿಂದ 17 ಕಿಲೋ ಗಾಳಿ. ಎಚ್‌ಎಕ್ಸ್35ರ ಕಂಪ್ರೆಸರಿಗೆ ಇದು ಆರಾಮದ ಕೆಲಸ. ದೊಡ್ಡದು ಹಾಕಿದರೆ ಈ ಗಾಳಿಯನ್ನೇ ಅದು ತಡವಾಗಿ ಕೊಡುತ್ತದೆ. ತಡವಾದಷ್ಟೂ ಹೊತ್ತು ಹೊಗೆ, ಬಿಸಿ. ಓಟದ ಪಂದ್ಯಕ್ಕೆ ಗಾಡಿ ಕಟ್ಟುವವರ ಲೆಕ್ಕ ಬೇರೆ, ಅವರು ಡೀಸೆಲ್ಲನ್ನೂ ಆ ಮಟ್ಟಕ್ಕೆ ಸುರಿಯುತ್ತಾರೆ.

ಇನ್ನೊಂದು ಸೊಗಸು ಈ ಎಂಜಿನ್ನಿನಲ್ಲಿದೆ. ಮ್ಯಾನಿಫೋಲ್ಡ್ ಒಂದೇ ತುಂಡಾದರೂ ಒಳಗೆ ಎರಡು ಭಾಗ: 1, 2, 3ನೇ ಸಿಲಿಂಡರುಗಳದ್ದು ಒಂದು ಬಾಯಿ, 4, 5, 6ರದ್ದು ಇನ್ನೊಂದು. ಫೈರಿಂಗ್ ಆರ್ಡರ್ 1-5-3-6-2-4. ಗಮನಿಸಿ, ಒಮ್ಮೆ ಮುಂದಿನ ಗುಂಪು, ಒಮ್ಮೆ ಹಿಂದಿನ ಗುಂಪು, ಒಂದಾದ ಮೇಲೊಂದು. ಹಾಗಾಗಿ ಒಂದು ಸಿಲಿಂಡರಿನ ಉಸಿರು ಪಕ್ಕದ್ದರ ಉಸಿರಿಗೆ ಅಡ್ಡ ಬರುವುದಿಲ್ಲ, ಚಕ್ರಕ್ಕೆ ಒಂದೊಂದು ಹೊಡೆತವೂ ಪೂರ್ತಿ ಸಿಗುತ್ತದೆ. ಎಚ್‌ಎಕ್ಸ್35ರ ಟರ್ಬೈನ್ ಬಾಯಿಯೂ ಎರಡು ಭಾಗದ್ದೇ, ಅದೇ ಟಿ3 ಅಳತೆಯ ಫ್ಲಾಂಜ್ (ಮ್ಯಾನಿಫೋಲ್ಡಿಗೆ ಕೂರುವ ಮುಖ). ನಡುವಿನ ಗೋಡೆ ಇರುವ ಗ್ಯಾಸ್ಕೆಟನ್ನೇ ಹಾಕಬೇಕು. ಗೋಡೆ ಇಲ್ಲದ, ಒಂದೇ ದೊಡ್ಡ ತೂತಿನ ಗ್ಯಾಸ್ಕೆಟ್ ಹಾಕಿದರೆ ಈ ಸೊಗಸೆಲ್ಲ ಅಲ್ಲೇ ಸೋರಿಹೋಗುತ್ತದೆ.

ಕೂರಿಸುವುದು

ಫ್ಲಾಂಜ್ ಒಂದೇ ಆದರೂ ಉಳಿದದ್ದೆಲ್ಲ ಒಂದೇ ಅಲ್ಲ. ಕಂಪ್ರೆಸರಿನ ಬಾಯಿ ಇಂಟರ್‌ಕೂಲರ್ ಪೈಪಿನ ಕಡೆ ತಿರುಗಿರಲಿಲ್ಲ. ಹೌಸಿಂಗುಗಳ ಹಿಡಿತ ಸಡಿಲಿಸಿ ಬೇಕಾದ ದಿಕ್ಕಿಗೆ ತಿರುಗಿಸಬಹುದು. ಇಲ್ಲಿ ಎರಡು ವಿಷಯ ನೆನಪಿರಲಿ. ಆಯಿಲ್ ಬರುವ ತೂತು ಮೇಲೆ, ಹೋಗುವ ತೂತು ನೇರ ಕೆಳಗೆ. ಸ್ವಲ್ಪ ವಾಲಿದರೆ ಪರವಾಗಿಲ್ಲ, ಜಾಸ್ತಿ ವಾಲಬಾರದು. ಎರಡನೆಯದು, ವೇಸ್ಟ್‌ಗೇಟ್ ಆಕ್ಚುಯೇಟರ್ ಕೂತಿರುವುದು ಕಂಪ್ರೆಸರ್ ಹೌಸಿಂಗಿನ ಮೇಲೆ, ಅದರ ಕಡ್ಡಿ ತಳ್ಳಿ ತೆರೆಯುವುದು ಟರ್ಬೈನ್ ಹೌಸಿಂಗಿನ ಗೇಟನ್ನು. ಒಂದನ್ನು ತಿರುಗಿಸಿದರೆ ಕಡ್ಡಿ ಓರೆಯಾಗುತ್ತದೆ. ಬ್ರಾಕೆಟ್ಟಿಗೆ ಹೊಸ ತೂತು ಹಾಕಿ ಕಡ್ಡಿಯನ್ನು ನೇರ ಮಾಡಿಕೊಂಡೆ. ಆಮೇಲೆ ಕೈಪಂಪಿನಿಂದ ಗಾಳಿ ಕೊಟ್ಟು ನೋಡಿದೆ. 1.2 ಬಾರಿಗೆ ಕಡ್ಡಿ ಅಲುಗಲು ಶುರು. ಅಷ್ಟು ಸಾಕು.

ಡ್ರೈನಿಗೆ ಆಯಿಲ್ ತಡೆಯುವ, ಬಿಸಿ ತಡೆಯುವ ಸರಿಯಾದ ಹೋಸ್. ಪೈಪು ಎಲ್ಲೂ ಸೊಟ್ಟಗಾಗದೆ, ನಡುವೆ ಗುಂಡಿಯಾಗದೆ ಇಳಿಯಬೇಕು. ಡ್ರೈನ್ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಪೇಸ್ಟ್ ಮೆತ್ತಬೇಡಿ. ಹಿಂಡಿ ಒಳಗೆ ಬಂದ ಪೇಸ್ಟ್ ಗಟ್ಟಿಯಾಗಿ ಕಳಚಿ ದಾರಿ ಮುಚ್ಚುತ್ತದೆ. ಬರುವ ಕಡೆಗಂತೂ ಪೇಸ್ಟಿನ ಹೆಸರನ್ನೇ ಎತ್ತಬಾರದು. ಆಯಿಲ್ ಪೈಪು ಹೊಸದೇ ಹಾಕಿದೆ. ಹಳೆಯದನ್ನು ತೊಳೆದು ಹಾಕಬಹುದಿತ್ತೇನೋ, ಆದರೆ ಒಳಗಿನ ಕರಿಕಲ್ಲು ಪೂರ್ತಿ ಬಂತಾ ಅಂತ ನೋಡಲು ಕಣ್ಣಿಗೆ ದಾರಿಯಿಲ್ಲ.

ಸೈಲೆನ್ಸರ್ ಕಡೆಯ ಪೈಪಿನ ಅಳತೆ ಬೇರೆ. ವೆಲ್ಡಿಂಗ್ ಮಾಡುವ ಗೆಳೆಯ ಹೊಸ ಬೆಂಡ್ ಕಟ್ಟಿಕೊಟ್ಟ. ಪೈಪಿನ ಭಾರ ಟರ್ಬೊ ಮೇಲೆ ಬೀಳದಂತೆ ಗೇರ್‌ಬಾಕ್ಸಿನಿಂದ ಒಂದು ಆಧಾರ, ನಡುವೆ ಅಲುಗಾಡುವ ಬೆಲ್ಲೋಸ್. ಇದನ್ನು ಬಿಟ್ಟರೆ ಸ್ವಲ್ಪ ದಿನದಲ್ಲೇ ಸ್ಟಡ್ಡುಗಳು ಒಂದೊಂದಾಗಿ ಹೋಗುತ್ತವೆ.

ಇಂಟರ್‌ಕೂಲರ್ ಬಿಚ್ಚಿ ಬಗ್ಗಿಸಿದಾಗ ಒಳಗಿಂದ ಹಳೆ ಆಯಿಲ್ ಧಾರೆಯಾಗಿ ಸುರಿಯಿತು. ಇದನ್ನು ತೊಳೆಯದೆ ಬಿಡುವುದು ಅಪಾಯ. ಡೀಸೆಲ್ ಎಂಜಿನ್ನಿಗೆ ಆಯಿಲ್ಲೂ ಇಂಧನವೇ. ಬೂಸ್ಟ್ ಏರಿದಾಗ ನಿಂತ ಆಯಿಲ್ ಒಟ್ಟಿಗೆ ಎದ್ದು ಎಂಜಿನ್ನಿಗೆ ಹೋದರೆ, ಕಾಲು ತೆಗೆದರೂ ಎಂಜಿನ್ ತನ್ನಷ್ಟಕ್ಕೆ ಏರುತ್ತಾ ಹೋಗುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಡೀಸೆಲ್ಲಿನಿಂದ ತೊಳೆದು, ಡೀಗ್ರೀಸರ್ ಹಾಕಿ, ಬಿಸಿನೀರು ಬಿಟ್ಟು, ಬಿಸಿಲಲ್ಲಿ ಪೂರ್ತಿ ಒಣಗಿಸಿದೆ. ಬೂಸ್ಟ್ ಹೋಸುಗಳನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿದೆ. ಒಳಗೆ ಆಯಿಲ್ ಇದ್ದರೆ ಎಂಥ ಕ್ಲಾಂಪ್ ಹಾಕಿದರೂ ಹೋಸ್ ಜಾರಿ ಕಳಚುತ್ತದೆ. ಸಾಮಾನ್ಯ ಸ್ಕ್ರೂ ಕ್ಲಿಪ್ ಬಿಟ್ಟು ಟಿ-ಬೋಲ್ಟ್ ಕ್ಲಾಂಪ್ ಹಾಕಿದ್ದೇನೆ.

ಏರ್ ಫಿಲ್ಟರ್ ಹೊಸದು, ಆಯಿಲ್ ಹೊಸದು, ಆಯಿಲ್ ಫಿಲ್ಟರ್ ಹೊಸದು. ಕೈ ಹೇಗೂ ಕೊಳೆಯಾಗಿತ್ತು, ವಾಲ್ವ್ ಗ್ಯಾಪನ್ನೂ ನೋಡಿಬಿಟ್ಟೆ: ತಣ್ಣಗಿನ ಎಂಜಿನ್ನಿನಲ್ಲಿ ಇನ್‌ಟೇಕ್ 0.25 ಎಂಎಂ, ಎಗ್ಸಾಸ್ಟ್ 0.51 ಎಂಎಂ.

ಮೊದಲ ಸ್ಟಾರ್ಟ್

ಟರ್ಬೊದ ಆಯಿಲ್ ತೂತಿಗೆ ಸ್ವಚ್ಛ ಆಯಿಲ್ ಸುರಿದು, ಕಂಪ್ರೆಸರ್ ಚಕ್ರವನ್ನು ಬೆರಳಲ್ಲಿ ತಿರುಗಿಸಿದೆ. ಆಯಿಲ್ ಬೇರಿಂಗಿಗೆಲ್ಲ ಹರಡಿತು. ಎಂಜಿನ್ ಹತ್ತದಿರಲಿ ಅಂತ ಪಂಪಿನ ಸ್ಟಾಪ್ ಸಾಲೆನಾಯ್ಡಿನ (ಡೀಸೆಲ್ ನಿಲ್ಲಿಸುವ ವಿದ್ಯುತ್ ವಾಲ್ವ್) ವೈರ್ ಕಳಚಿ, ಪ್ರೆಶರ್ ಮೀಟರಿನ ಮುಳ್ಳು ಏಳುವ ತನಕ ಸ್ಟಾರ್ಟರನ್ನು ಬಿಟ್ಟು ಬಿಟ್ಟು ಹೊಡೆದೆ. ಒಂದೇ ಸಮನೆ ಹೊಡೆದರೆ ಸ್ಟಾರ್ಟರ್ ಸುಡುತ್ತದೆ. ಆಮೇಲೆ ವೈರ್ ಹಾಕಿ ಸ್ಟಾರ್ಟ್.

ಇನ್‌ಟೇಕ್ ಬಾಯಿಯ ಹತ್ತಿರ ಗೆಳೆಯನನ್ನು ದಪ್ಪ ಹಲಗೆ ಕೊಟ್ಟು ನಿಲ್ಲಿಸಿದ್ದೆ. ಎಂಜಿನ್ ಕೈಮೀರಿದರೆ ಡೀಸೆಲ್ ಕಟ್ ಮಾಡಿ ಪ್ರಯೋಜನವಿಲ್ಲ, ಗಾಳಿ ಮುಚ್ಚಬೇಕು. ಅದೂ ಕೈಯಿಂದ ಅಲ್ಲ, ಬಟ್ಟೆಯಿಂದ ಅಲ್ಲ, ಹಲಗೆಯಿಂದ. ಬಳಸುವ ಪ್ರಸಂಗ ಬರಲಿಲ್ಲ. ಕೆಲವು ನಿಮಿಷ ಐಡಲ್‌ನಲ್ಲೇ ಬಿಟ್ಟು ಆಯಿಲ್ ಸೋರಿಕೆ ನೋಡಿದೆ. ಸೈಲೆನ್ಸರಿನಲ್ಲಿ ಉಳಿದ ಹಳೆ ಆಯಿಲ್ ಸುಟ್ಟು ಬಿಳಿ-ನೀಲಿ ಹೊಗೆ ಒಂದಷ್ಟು ಹೊತ್ತು ಬಂತು. ಇದನ್ನು ನೋಡಿ ಹೊಸ ಟರ್ಬೊವೂ ಕೆಟ್ಟಿದೆ ಅಂತ ಹೆದರಬೇಕಿಲ್ಲ.

ಬೂಸ್ಟ್ ಎಲ್ಲಿ ಹೋಯಿತು

ರಸ್ತೆಗೆ ಇಳಿಸಿದರೆ ಸದ್ದು ಚೆಂದ, ಎಳೆತ ಮೊದಲಿಗಿಂತ ವಾಸಿ. ಆದರೆ ಬೂಸ್ಟ್ 0.7 ಬಾರಿಗೆ ನಿಂತುಬಿಟ್ಟಿತು. ವೇಸ್ಟ್‌ಗೇಟ್ ತೆರೆಯುವುದೇ 1.2ಕ್ಕೆ, ಅಲ್ಲಿಯ ತನಕ ಏರಲೇಬೇಕು. ಈ ಹಂತದಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಕೊಡುವ ಆಸೆ ಬರುತ್ತದೆ. ಬೂಸ್ಟ್ ಸ್ವಲ್ಪ ಏರಲೂಬಹುದು. ಆದರೆ ಎಲ್ಲೋ ಗಾಳಿ ಸೋರುತ್ತಿದ್ದರೆ ಟರ್ಬೊ ಅದನ್ನು ತುಂಬಿಸಲು ಇನ್ನೂ ಜೋರಾಗಿ ತಿರುಗುತ್ತದೆ, ಹೊಸ ಬೇರಿಂಗಿನ ಆಯಸ್ಸು ಅಲ್ಲೇ ಕರಗುತ್ತದೆ.

ಕಂಪ್ರೆಸರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಅದಕ್ಕೆ ಟೈರ್ ವಾಲ್ವ್ ಕೂರಿಸಿ, ಏರ್ ಕಂಪ್ರೆಸರಿನಿಂದ ಒಂದು ಬಾರ್ ತನಕ ಗಾಳಿ ತುಂಬಿದೆ. ಒಂದಿಷ್ಟು ಗಾಳಿ ತೆರೆದ ವಾಲ್ವ್, ರಿಂಗ್ ದಾಟಿ ಎಂಜಿನ್ ಒಳಗೆ ಹೋಗುತ್ತದೆ, ಆದ್ದರಿಂದ ಆಯಿಲ್ ಮುಚ್ಚಳ ತೆಗೆದಿಟ್ಟಿರಬೇಕು. ಸೋಪಿನ ನೀರು ಹೊಡೆಯುತ್ತಾ ಹೋದೆ. ಹೋಸ್ ಸೇರುವ ಜಾಗಗಳಲ್ಲಿ ಒಂದು ಗುಳ್ಳೆಯೂ ಇಲ್ಲ. ಇಂಟರ್‌ಕೂಲರಿನ ಕೆಳಮೂಲೆಯಲ್ಲಿ, ಪಕ್ಕದ ಟ್ಯಾಂಕು ಮತ್ತು ಜಾಲರಿ ಸೇರುವ ಬೆಸುಗೆಯಲ್ಲಿ ಬುಸ್ ಅಂತ ನೊರೆ. ಇಷ್ಟು ದಿನ ಒಳಗಿನ ಆಯಿಲ್ ಕೆಸರೇ ಆ ಬಿರುಕನ್ನು ಮುಚ್ಚಿತ್ತು. ನಾನು ತೊಳೆದಾಗ ಅದೂ ತೊಳೆದುಹೋಯಿತು. ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ, ಮತ್ತೆ ಗಾಳಿ ತುಂಬಿ ನೋಡಿ ಹಾಕಿದೆ. ಅಂದಹಾಗೆ, ಇಂಟರ್‌ಕೂಲರ್ ಇಲ್ಲದೆ ಈ ಆಟ ನಡೆಯದು. 30 ಡಿಗ್ರಿಯ ಗಾಳಿಯನ್ನು ಎರಡೂವರೆ ಪಟ್ಟು ಅದುಮಿದರೆ ಕಂಪ್ರೆಸರಿನಿಂದ ಹೊರಬರುವಾಗ 150 ಡಿಗ್ರಿ ಮುಟ್ಟಿರುತ್ತದೆ.

ಮ್ಯಾನಿಫೋಲ್ಡ್ ಫ್ಲಾಂಜಿನ ಒಂದು ಅಂಚಿನಲ್ಲಿ ಸಣ್ಣ ಮಸಿಗೆರೆ ಕೂಡ ಕಂಡಿತು. ಒಮ್ಮೆ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳು ಕೊಂಚ ಸಡಿಲವಾಗುವುದು ಇದ್ದದ್ದೇ. ಮತ್ತೊಮ್ಮೆ ಬಿಗಿ ಮಾಡಿದ ಮೇಲೆ ಗೆರೆ ಬರಲಿಲ್ಲ.

ಡೀಸೆಲ್ ಹೊಂದಿಸುವುದು

ವಿಇ ಪಂಪಿನ ತಲೆಯ ಮೇಲೆ ಒಂದು ಡಯಾಫ್ರಮ್ ಇದೆ. ಇನ್‌ಟೇಕಿನಿಂದ ಸಣ್ಣ ಪೈಪಿನಲ್ಲಿ ಬೂಸ್ಟ್ ಬಂದು ಅದನ್ನು ಒತ್ತುತ್ತದೆ. ಬೂಸ್ಟ್ ಏರಿದಷ್ಟೂ ಡಯಾಫ್ರಮ್ಮಿನ ಕೆಳಗಿನ ಶಂಕುವಿನಾಕಾರದ ಪಿನ್ ಇಳಿದು ಡೀಸೆಲ್ ಜಾಸ್ತಿ ಬಿಡುತ್ತದೆ. ಗಾಳಿ ಬರುವ ಮುಂಚೆ ಡೀಸೆಲ್ ಬಂದು ಹೊಗೆಯಾಗಬಾರದು ಅಂತ ಈ ಏರ್ಪಾಡು. ಸ್ಪ್ರಿಂಗಿನ ಕೆಳಗೆ ಹಲ್ಲಿರುವ ಒಂದು ಚಕ್ರವಿದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗಿನ ಬಿಗಿ ಬದಲಾಗಿ, ಎಷ್ಟು ಬೂಸ್ಟಿಗೆ ಪಿನ್ ಇಳಿಯಲು ಶುರುವಾಗಬೇಕು ಅನ್ನುವುದು ಬದಲಾಗುತ್ತದೆ.

ಈಗ ಬೂಸ್ಟ್ ಮೊದಲಿಗಿಂತ ಬೇಗ ಬರುತ್ತಿದೆ, ಹಾಗಾಗಿ ಸ್ಪ್ರಿಂಗನ್ನು ಸ್ವಲ್ಪ ಬಿಗಿ ಮಾಡಿ ಹೊಗೆ ನಿಲ್ಲುವ ಜಾಗಕ್ಕೆ ತಂದೆ. ಪಂಪಿನ ಹಿಂದಿನ ಫುಲ್ ಲೋಡ್ ಸ್ಕ್ರೂ ಮುಟ್ಟಲಿಲ್ಲ. ಅದನ್ನು ಕಾಲು ಸುತ್ತು ತಿರುಗಿಸಿದರೂ ಫರಕು ಗೊತ್ತಾಗುತ್ತದೆ. ಜಾಸ್ತಿ ತಿರುಗಿಸಿದರೆ ಐಡಲ್ ಏರುತ್ತದೆ, ಕಾಲು ತೆಗೆದಾಗ ಎಂಜಿನ್ ಕೆಳಗಿಳಿಯಲು ಸತಾಯಿಸುತ್ತದೆ. ನನಗೆ ಬೇಕಿದ್ದದ್ದು ಅದೇ ಲೋಡನ್ನು ತಣ್ಣಗೆ, ಹೊಗೆಯಿಲ್ಲದೆ ಎಳೆಯುವ ಗಾಡಿ. ಹೆಚ್ಚಿನ ಶಕ್ತಿ ಬೇಕೆಂದರೆ ಕೈಕೊಡುವ ಮುಂದಿನ ಸಾಲಿನಲ್ಲಿ ಕ್ಲಚ್ ನಿಂತಿರುತ್ತದೆ.

ಅದೇ ಏರು, ಅದೇ ಭಾರ, ಅದೇ ಗೇರು. 1400 ಆರ್‌ಪಿಎಂನಲ್ಲಿ ಬೂಸ್ಟ್ 0.9 ಬಾರ್. ಪೂರ್ತಿ ಎಳೆಯುವಾಗ 1.35ಕ್ಕೆ ನಿಲ್ಲುತ್ತದೆ. ತಾಪ 610 ಡಿಗ್ರಿ, ಏರಿನ ಕೊನೆಯ ತನಕ ಅಷ್ಟೇ. ಮ್ಯಾನಿಫೋಲ್ಡಿಗೆ ಉದ್ದನೆಯ ಸ್ಟೀಲ್ ಪೈಪು ಹಾಕಿ ಟರ್ಬೈನಿನ ಮುಂಚಿನ ಒತ್ತಡವನ್ನೂ ಅಳೆದೆ, 1.5 ಬಾರ್. ಬೂಸ್ಟಿಗಿಂತ ಸ್ವಲ್ಪವೇ ಜಾಸ್ತಿ, ಅಂದರೆ 12ರ ಹೌಸಿಂಗ್ ಈ ಎಂಜಿನ್ನಿಗೆ ಉಸಿರು ಕಟ್ಟಿಸುತ್ತಿಲ್ಲ. ಎರಡು ಪಟ್ಟು ಬಂದಿದ್ದರೆ ಹೌಸಿಂಗ್ ಬದಲಿಸಬೇಕಾಗುತ್ತಿತ್ತು. ಐಡಲ್ ಆದಮೇಲಿನ ನೀಲಿ ಹೊಗೆ ಪೂರ್ತಿ ಹೋಗಿದೆ. ಗೇರ್ ಬದಲಿಸುವಾಗ ಒಂದು ಕ್ಷಣ ತೆಳು ಬೂದು ಹೊಗೆ ಬರುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ.

ಲಾರಿ ಈಗ ಮಾಮೂಲಿ ಕೆಲಸದಲ್ಲಿದೆ. ಎಳೆದು ಬಂದ ಮೇಲೆ ಪೈರೋಮೀಟರ್ 200 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುವುದು ಅಂತ ಡ್ರೈವರಿಗೆ ಹೇಳಿ, ಮೀಟರಿನ ಗಾಜಿನ ಮೇಲೆ ಬಿಳಿ ಬಣ್ಣದ ಗೆರೆ ಹಾಕಿಕೊಟ್ಟಿದ್ದೇನೆ. ಬಾಕಿ ಇರುವುದು ಮ್ಯಾನಿಫೋಲ್ಡಿನ ನಡುಗೋಡೆಯ ಬಿರುಕು. ಮುಂದಿನ ಆಯಿಲ್ ಬದಲಿಸುವಾಗ ಅದನ್ನು ಮತ್ತೆ ನೋಡಬೇಕು. ಬೆಳೆದಿದ್ದರೆ ಎರಡು ತುಂಡಿನ, ನಡುವೆ ಜಾರುವ ಜೋಡಣೆಯಿರುವ ಮ್ಯಾನಿಫೋಲ್ಡ್ ಹಾಕುತ್ತೇನೆ.